ನನ್ನ ಕೆಂಪು ಟೀಶರ್ಟು, ಎರಡು ತಲೆ ಹಕ್ಕಿ

ಹೋದ ನವೆಂಬರ್‌ನಲ್ಲಿ ನಡೆದಿದ್ದು ಇದು. ಇಲ್ಲಿ ವಿಂಟರ್‌ಥೂರ್‌ನಲ್ಲಿ (ಜ್ಯೂರಿಕ್ ಪಕ್ಕದ ಊರು, ಟ್ರೈನ್‌ನಲ್ಲಿ ಅರ್ಧ ಗಂಟೆ ದಾರಿ) ನಾವು ಐದಾರು ಕನ್ನಡದ ಮನೆಯವ್ರು ಸೇರ್ಕೊಂಡು ಒಂದು ಭಾನುವಾರ ರಾಜ್ಯೋತ್ಸವ ಮಾಡೋದು ಅಂತಾಗಿತ್ತು. ಅದಕ್ಕೆ ಬೆಂಗಳೂರಲ್ಲಿರೋ ನನ್ನ ತಮ್ಮಂಗೆ ಗಂಡಭೇರುಂಡ ಇರೋ ಟೀಶರ್ಟ್ ಒಂದು ಕಳ್ಸೋ ಮಾರಾಯ ಅಂದಿದ್ದೆ. ನನ್ನ ಸೈಜಲ್ಲಿ ಹಳದಿ ಖಾಲಿ ಆಗಿತ್ತಂತೆ, ನನ್ನ ಕೇಳ್ದೇನೇ ಕೆಂಪು ಕಳ್ಸಿಬಿಟ್ಟ. ದಟ್ಟ ಕೆಂಪು, ಮಧ್ಯದಲ್ಲಿ ದೊಡ್ಡದಾಗಿ ಕಪ್ಪು ಬಣ್ಣದ ಗಂಡಭೇರುಂಡ. ಫುಟ್ಬಾಲ್ ನೋಡೋರಿಗೆ ಈಗಲೇ ನಗು ಬಂದಿರುತ್ತೆ, ನಾನು ಫುಟ್ಬಾಲ್ ನೋಡಲ್ಲ, ಹಂಗಾಗಿ ನಂಗೇನೂ ಹೊಳೀಲಿಲ್ಲ.

ಹಿಂದಿನ ದಿನ ಮಗನಿಗೆ ಕಟಿಂಗ್ ಮಾಡ್ಸೋಕೆ ಹೋಗಿದ್ದೆ. ಸ್ಟೇಷನ್ ಹಿಂದುಗಡೆ ಇರೋ ಸಣ್ಣ ಅಂಗಡಿ, ಇಡೀ ಊರಲ್ಲಿ ಜೇಬಿಗೆ ಕತ್ತರಿ ಹಾಕ್ದೆ ಬರೀ ಕೂದಲಿಗೆ ಹಾಕೋದು ಇವ್ರೊಬ್ರೇ. ಒಳಗೆ ಹೀಟರ್ ಜೋರಾಗಿತ್ತು, ಜಾಕೆಟ್ ತೆಗೆದೆ. ಆ ಮನುಷ್ಯ ಕತ್ತರಿ ಕೈಯಲ್ಲಿ ಹಿಡ್ಕೊಂಡೇ ನನ್ನ ಟೀಶರ್ಟನ್ನ ನೋಡಿದ್ದೇ ನೋಡಿದ್ದು, ನಾನು ಏನಪ್ಪಾ ಇವ್ನು ಅಂತ ಜಾಕೆಟ್ ವಾಪಸ್ ಹಾಕ್ಕೊಳ್ಳೋಣ ಅನ್ನೋಷ್ಟರಲ್ಲಿ ಮುಖ ಎಲ್ಲಾ ಅರಳಿಸ್ಕೊಂಡು ಯಾವುದೋ ಭಾಷೆಲಿ ಪಟಪಟ ಅಂತ ಮಾತಾಡೋಕೆ ಶುರು ಮಾಡ್ದ. ಜರ್ಮನ್ ಅಂತೂ ಅಲ್ಲ. ನಾನು ನನ್ನ ಹರುಕು ಮುರುಕು ಜರ್ಮನ್‌ನಲ್ಲಿ, ಸಾರಿ, ನಾನು ಇಂಡಿಯಾದವ್ಳು ಅಂದೆ. ಇಂಡಿಯಾ ಆದ್ರೆ ನಮ್ಮ ಬಾವುಟ ಯಾಕೆ ಹಾಕ್ಕೊಂಡಿದ್ದೀರ ಅಂದ.

ಕೊಸೊವೊದ (ಸರ್ಬಿಯಾದಿಂದ ಬೇರೆಯಾದ ಪುಟ್ಟ ದೇಶ, ಅಲ್ಲಿ ಹೆಚ್ಚಿನವ್ರು ಅಲ್ಬೇನಿಯನ್ನರೇ) ಅಲ್ಬೇನಿಯನ್ ಅವ್ನು. ಅಲ್ಬೇನಿಯಾ ಬಾವುಟ ಹೆಂಗಿದೆ ಅಂತ ನಾನು ಆವತ್ತೇ ಗಮನ ಕೊಟ್ಟು ನೋಡಿದ್ದು. ಕೆಂಪು ಬಟ್ಟೆ, ಮಧ್ಯದಲ್ಲಿ ಕಪ್ಪು ಎರಡು ತಲೆ ಹದ್ದು. ಅಷ್ಟೇ. ನನ್ನ ತಮ್ಮ ನೂರಾರು ರೂಪಾಯಿ ಕೊರಿಯರ್ ಖರ್ಚು ಮಾಡಿ ನಂಗೆ ಅಲ್ಬೇನಿಯಾ ಬಾವುಟ ಕಳ್ಸಿದ್ದ!

ಅವ್ನು ಎರಡೂ ಅಂಗೈನ ಅಡ್ಡ ಇಟ್ಟು ಹೆಬ್ಬೆರಳು ಸಿಕ್ಕಿಸಿ ಬೆರಳು ಅಗಲಿಸಿ ತೋರಿಸ್ದ. ಚಿಕ್ಕವ್ರಿದ್ದಾಗ ಕರೆಂಟ್ ಹೋದ್ರೆ ಲಾಟೀನು ಮುಂದೆ ಗೋಡೆ ಮೇಲೆ ನೆರಳಲ್ಲಿ ಹಕ್ಕಿ ಹಾರಿಸ್ತಿದ್ವಲ್ಲ, ಡಿಟ್ಟೋ ಅದೇ. ನಾನೂ ಖುಷಿಲಿ ಮಾಡಿ ತೋರಿಸ್ದೆ. ಆಮೇಲೆ ಫೋನ್ ತೆಗೆದು, ನಮ್ದು ಬೇರೆ, ಇದು ನಮ್ಮ ರಾಜ್ಯದ ಲಾಂಛನ ನೋಡಿ ಅಂತ ಕರ್ನಾಟಕ ಸರ್ಕಾರದ ಚಿಹ್ನೆ ತೋರಿಸಿದ್ರೆ ಅವನ ಮುಖ ಸ್ವಲ್ಪ ಸಪ್ಪಗಾಯ್ತು. ಇದು ಸರ್ಬಿಯಾದವ್ರ ತರ ಇದೆಯಲ್ಲ ಅಂದ. ಸರ್ಬಿಯಾದ್ದು ಕೆಂಪು ಗುರಾಣಿ ಮೇಲೆ ಬಿಳಿ ಎರಡು ತಲೆ ಹದ್ದು, ನಮ್ದು ಕೆಂಪು ಗುರಾಣಿ ಮೇಲೆ ಬಿಳಿ ಗಂಡಭೇರುಂಡ, ಸುತ್ತ ನೀಲಿ ಅಂಚು. ಅಂದ್ರೆ ಟೀಶರ್ಟ್ ನೋಡಿದ್ರೆ ನಾನು ಅಲ್ಬೇನಿಯಾದವ್ಳು, ಸರ್ಕಾರಿ ಕಾಗದ ನೋಡಿದ್ರೆ ಸರ್ಬಿಯಾದವ್ಳು. ಈ ಎರಡು ಜನಕ್ಕೂ ಕೊಸೊವೊ ವಿಷ್ಯದಲ್ಲಿ ಎಷ್ಟು ಕಹಿ ಇದೆ ಅಂತ ಗೊತ್ತಿರೋರಿಗೆ ಇದು ಎಂಥ ಪೇಚು ಅಂತ ಅರ್ಥ ಆಗುತ್ತೆ.

ಮನೆಗೆ ಬಂದು ಗಂಡನಿಗೆ ಹೇಳಿದ್ರೆ ಅವ್ರು ಬಿದ್ದು ಬಿದ್ದು ನಕ್ಕು 2018ರ ವರ್ಲ್ಡ್ ಕಪ್ ಕತೆ ಹೇಳಿದ್ರು. ಆ ವರ್ಷ ಜೂನ್ 22ಕ್ಕೆ ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ಸ್ವಿಟ್ಜರ್ಲೆಂಡಿಗೂ ಸರ್ಬಿಯಾಗೂ ಮ್ಯಾಚು. ಸ್ವಿಸ್ ಟೀಮಲ್ಲಿ ಗ್ರಾನಿಟ್ ಜಾಕಾ, ಜೆರ್ದಾನ್ ಶಾಕಿರಿ ಅಂತ ಇಬ್ರು, ಇಬ್ರದ್ದೂ ಕೊಸೊವೊದ ಅಲ್ಬೇನಿಯನ್ ಕುಟುಂಬ. ಜಾಕಾನ ಅಪ್ಪ ಯುಗೊಸ್ಲಾವಿಯಾ ಕಾಲದಲ್ಲಿ ಪ್ರತಿಭಟನೆ ಮಾಡಿ ವರ್ಷಗಟ್ಟಲೆ ಜೈಲಲ್ಲಿದ್ದವ್ರು. ಇಬ್ರೂ ಒಂದೊಂದು ಗೋಲ್ ಹೊಡೆದ್ರು, ಹೊಡೆದು ಸರ್ಬಿಯಾ ಪ್ರೇಕ್ಷಕರ ಕಡೆ ತಿರುಗಿ ಇದೇ ಕೈ ಹಕ್ಕಿ ಮಾಡಿ ತೋರಿಸಿದ್ರು. ಫಿಫಾ ತಲಾ 10,000 ಸ್ವಿಸ್ ಫ್ರಾಂಕ್ ದಂಡ ಹಾಕ್ತು. ನಾನು ಕಟಿಂಗ್ ಶಾಪಲ್ಲಿ ಫ್ರೀಯಾಗಿ ಮಾಡಿ ಬಂದಿದ್ದೆ.

ನಂಗೆ ತಲೆ ಕೆಟ್ಟಿದ್ದು ಎಲ್ಲಿ ಅಂದ್ರೆ, ಆ ಹದ್ದು ತೋರಿಸಿ ಕೆಣಕಿದ್ದು ಯಾರನ್ನ, ತಮ್ಮ ಜೆರ್ಸಿ ಮೇಲೇ ಎರಡು ತಲೆ ಹದ್ದು ಹಾಕ್ಕೊಂಡಿರೋರನ್ನ! ಒಂದೇ ಹಕ್ಕಿ. ಇವ್ರು ತೋರಿಸಿದ್ರೆ ಅವ್ರಿಗೆ ಬೈಗುಳ, ಅವ್ರು ತೋರಿಸಿದ್ರೆ ಇವ್ರಿಗೆ ಬೈಗುಳ. ಕೊಸೊವೊ 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಾಗ ಈ ತಲೆನೋವೇ ಬೇಡ ಅಂತ ಹಕ್ಕಿನೇ ಬಿಟ್ಟು ನೀಲಿ ಬಟ್ಟೆ ಮೇಲೆ ದೇಶದ ನಕ್ಷೆ, ಆರು ನಕ್ಷತ್ರ ಹಾಕ್ಕೊಂಡ್ರು. ಆದ್ರೆ ಆ ಅಂಗಡಿ ಗೋಡೆ ಮೇಲೆ ತೂಗಾಕಿರೋದು ಆ ನೀಲಿ ಬಾವುಟ ಅಲ್ಲ, ಕೆಂಪುದೇ.

ಇಬ್ರಿಗೂ ಹಕ್ಕಿ ಬಂದಿದ್ದು ಒಂದೇ ಮನೆಯಿಂದ, ಬೈಜಾಂಟಿಯಮ್ಮಿಂದ, ಅಂದ್ರೆ ಈಗಿನ ಇಸ್ತಾಂಬುಲ್‌ನಲ್ಲಿ ಕೂತು ಆಳ್ತಿದ್ದ ಪೂರ್ವ ರೋಮನ್ನರಿಂದ. ಅವ್ರ ಕೊನೆ ರಾಜವಂಶ ಪಾಲಿಯೊಲೊಗೋಸ್ ಅಂತ, ಅವ್ರ ಕಾಲದಲ್ಲಿ ಎರಡು ತಲೆ ಹದ್ದು ರಾಜಮನೆತನದ ಗುರುತಾಯ್ತು. ಒಂದು ತಲೆ ಪೂರ್ವಕ್ಕೆ ನೋಡುತ್ತೆ ಇನ್ನೊಂದು ಪಶ್ಚಿಮಕ್ಕೆ ನೋಡುತ್ತೆ ಅಂತ ವಿವರಣೆ ಕೊಡ್ತಾರೆ, ಕೇಳೋಕೆ ಚೆನ್ನಾಗಿದೆ, ಆದ್ರೆ ಆ ಹೊತ್ತಿಗೆ ಅವ್ರ ಸಾಮ್ರಾಜ್ಯ ಪೂರ್ವಕ್ಕೂ ಇರ್ಲಿಲ್ಲ ಪಶ್ಚಿಮಕ್ಕೂ ಇರ್ಲಿಲ್ಲ, ಒಂದು ಊರು, ಸುತ್ತ ಚೂರುಪಾರು ನೆಲ ಅಷ್ಟೇ ಉಳಿದಿತ್ತು. 1453ರಲ್ಲಿ ಅದೂ ಹೋಯ್ತು. ಊರು ಹೋದ್ರೂ ಹಕ್ಕಿ ಉಳೀತು. ಕೊನೆ ಚಕ್ರವರ್ತಿಯ ತಮ್ಮನ ಮಗಳು ಸೋಫಿಯಾನ 1472ರಲ್ಲಿ ಮಾಸ್ಕೋದ ಮೂರನೇ ಇವಾನ್ ಮದುವೆ ಆದ, 1497ರ ಹೊತ್ತಿಗೆ ಅವನ ಮುದ್ರೆ ಮೇಲೆ ಎರಡು ತಲೆ ಹದ್ದು ಬಂದು ಕೂತಿತ್ತು. ತವರುಮನೆಯಿಂದ ಬಳುವಳಿ ತಂದಂಗೆ.

ರಷ್ಯಾದಲ್ಲಿ ಅದು ಪಟ್ಟ ಪಾಡು ಇನ್ನೊಂದು. 1917ರ ಕ್ರಾಂತಿ ಆಗಿದ್ದೇ ಹದ್ದಿಗೆ ಗೇಟ್‌ಪಾಸ್, ಸುತ್ತಿಗೆ ಕುಡುಗೋಲು ಬಂತು. ಆದ್ರೂ ಕ್ರೆಮ್ಲಿನ್ ಗೋಪುರಗಳ ತುದಿಲಿ ಕೂತಿದ್ದ ಹದ್ದುಗಳನ್ನ ಇಳಿಸೋಕೆ 1935ರ ತನಕ ಆಗಿರ್ಲಿಲ್ಲ, ಆಮೇಲೆ ಆ ಜಾಗಕ್ಕೆ ನಕ್ಷತ್ರ ಹಾಕಿದ್ರು. 1993ರಲ್ಲಿ ಯೆಲ್ಟ್ಸಿನ್ ಹದ್ದನ್ನ ವಾಪಸ್ ಕರೆಸಿದ್ರು. ಈಗ ಅಲ್ಲಿ ಗೋಪುರದ ಮೇಲೆ ಕೆಂಪು ನಕ್ಷತ್ರ, ಪಾಸ್‌ಪೋರ್ಟ್ ಮೇಲೆ ರಾಜನ ಹದ್ದು, ಎರಡೂ ಒಟ್ಟಿಗೆ ಸಂಸಾರ ಮಾಡ್ತಿವೆ. ಆಸ್ಟ್ರಿಯಾದವ್ರು ಉಲ್ಟಾ, ಚಕ್ರವರ್ತಿ ಹೋದ್ಮೇಲೆ ಒಂದು ತಲೆ ತೆಗೆದು ಒಂಟಿ ತಲೆ ಹದ್ದು ಮಾಡ್ಕೊಂಡ್ರು, ಅದರ ಕಾಲಿಗೆ ಸುತ್ತಿಗೆ ಕುಡುಗೋಲು ಕೊಟ್ರು! ಅದು ಕಮ್ಯುನಿಸಂ ಅಲ್ಲ ಮತ್ತೆ, ಕಾರ್ಮಿಕರು ರೈತರು ಅಂತ ಅರ್ಥ. 1945ರ ಮೇಲೆ ಕಾಲಲ್ಲಿ ಕಿತ್ತುಹೋದ ಸರಪಳಿನೂ ಸೇರಿಸಿದ್ರು, ಹಿಟ್ಲರ್ ಕೈಯಿಂದ ಬಿಡಿಸ್ಕೊಂಡಿದ್ದರ ನೆನಪಿಗೆ. ನಮ್ಮ ಜಿನೀವಾದವ್ರದ್ದಂತೂ ಇನ್ನೂ ಮಜಾ, ಅವ್ರ ಬಾವುಟದಲ್ಲಿ ಅರ್ಧ ಹದ್ದು, ಪಕ್ಕದಲ್ಲಿ ಒಂದು ಬೀಗದಕೈ. ಅರ್ಧ ಚಕ್ರವರ್ತಿಗೆ ಅರ್ಧ ಬಿಷಪ್ಪಿಗೆ. ಸ್ವಿಸ್ ಲೆಕ್ಕಾಚಾರ ಅಂದ್ರೆ ಇದೇ.

ಆದ್ರೆ ಇಷ್ಟರಲ್ಲೆಲ್ಲಾ ನಂಗೆ ಮನಸ್ಸಲ್ಲಿ ಉಳಿದುಬಿಟ್ಟಿದ್ದು ಗ್ರೀಸಿನ ಒಂದು ಫುಟ್ಬಾಲ್ ಕ್ಲಬ್ಬಿನ ಹಕ್ಕಿ. ಟರ್ಕಿಯಿಂದ ಹೊರಬಿದ್ದು ಗ್ರೀಸಿಗೆ ಬಂದ ನಿರಾಶ್ರಿತರು ಕಟ್ಕೊಂಡ ಕ್ಲಬ್ಬುಗಳಲ್ಲಿ ಎರಡು, ಅಥೆನ್ಸಿನಲ್ಲಿ 1924ರಲ್ಲಿ ಶುರುವಾದ ಎಇಕೆ, ಥೆಸಲೊನೀಕಿಯಲ್ಲಿ 1926ರಲ್ಲಿ ಶುರುವಾದ ಪಾಓಕ್. ಎರಡರದ್ದೂ ಎರಡು ತಲೆ ಹದ್ದೇ. ಪಾಓಕ್‌ನವ್ರ ಹದ್ದು ಮಾತ್ರ ರೆಕ್ಕೆ ಮಡಚ್ಕೊಂಡು ಕೂತಿದೆ. ಊರು ಬಿಟ್ಟು ಬಂದ ದುಃಖಕ್ಕೆ, ಸೂತಕಕ್ಕೆ. ಬೇರೆ ಎಲ್ಲರೂ ರೆಕ್ಕೆ ಬಿಚ್ಚಿ ಎದೆ ಉಬ್ಬಿಸಿ ನಿಲ್ಸಿರೋ ಹಕ್ಕಿನ ಇವ್ರು ಹಂಗೆ ಸುಮ್ನೆ ಕೂರಿಸಿದ್ದಾರೆ. ಹೊಸದೇನೂ ಬರೆದಿಲ್ಲ, ರೆಕ್ಕೆ ಮಡಚಿದ್ದಾರೆ ಅಷ್ಟೇ, ಇಡೀ ಅರ್ಥನೇ ಬದಲಾಗೋಯ್ತು. ನಾನೂ ಊರು ಬಿಟ್ಟು ಬಂದವ್ಳೇ ಆದ್ರೂ ನನ್ನನ್ನ ಯಾರೂ ಓಡಿಸಿದ್ದಲ್ಲ ಬಿಡಿ, ಅದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಸರಿ, ಇದನ್ನೆಲ್ಲಾ ಉತ್ಸಾಹದಲ್ಲಿ ಫ್ಯಾಮಿಲಿ ಗ್ರೂಪಲ್ಲಿ ಹಾಕಿದೆ. ದೊಡ್ಡಪ್ಪ ಹತ್ತೇ ನಿಮಿಷಕ್ಕೆ ಒಂದು ಫಾರ್ವರ್ಡ್ ಬಿಟ್ರು, ಗಂಡಭೇರುಂಡ ಕನ್ನಡಿಗರ ಕೊಡುಗೆ, ರಷ್ಯಾ ಜರ್ಮನಿ ಎಲ್ಲಾ ನಮ್ಮಿಂದ ಕದ್ದಿದ್ದು, ಕನ್ನಡಿಗನಾಗಿದ್ರೆ ಶೇರ್ ಮಾಡಿ ಅಂತ. ನೋಡೇ ಪುಟ್ಟಿ, ನಾವು ಆಗ್ಲೇ ಹೇಳಿದ್ವಿ ಅಂತ ಕೆಳಗೆ ಸೇರಿಸಿದ್ರು. ದೊಡ್ಡಪ್ಪನ ಹತ್ರ ವಾದ ಮಾಡೋ ಧೈರ್ಯ ನಮ್ಮನೇಲಿ ಯಾರಿಗೂ ಇಲ್ಲ, ಆದ್ರೂ ಏಳು ಸಾವಿರ ಕಿಲೋಮೀಟರ್ ದೂರ ಇದ್ದೀನಲ್ಲ ಅಂತ ಟೈಪ್ ಮಾಡ್ದೆ. ದೊಡ್ಡಪ್ಪಾ, ಟರ್ಕಿಲಿ ಹಟ್ಟೂಸ ಅಂತ ಹಿಟ್ಟೈಟ್ ರಾಜರ ರಾಜಧಾನಿ ಇತ್ತು, ಅದರ ಪಕ್ಕ ಯಾಜಿಲಿಕಾಯ ಅಂತ ಬಂಡೆ ಗುಡಿ ಇದೆ, ಅಲ್ಲಿ ಎರಡು ತಲೆ ಹದ್ದಿನ ಮೇಲೆ ದೇವತೆಗಳು ನಿಂತಿರೋ ಕೆತ್ತನೆ ಇದೆ, ಕ್ರಿಸ್ತಪೂರ್ವ 13ನೇ ಶತಮಾನದ್ದು, ಅಲ್ಲೇ ಹತ್ರ ಅಲಜಾ ಹೊಯೂಕ್ ಅನ್ನೋ ಕಡೆ ಹೆಬ್ಬಾಗಿಲಲ್ಲಿ ಅದೇ ಹದ್ದು ಎರಡು ಕಾಲಲ್ಲಿ ಎರಡು ಮೊಲ ಹಿಡ್ಕೊಂಡಿದೆ, ಆಗ ಕದಂಬರೂ ಇರ್ಲಿಲ್ಲ ಮೌರ್ಯರೂ ಇರ್ಲಿಲ್ಲ. ದೊಡ್ಡಪ್ಪನಿಂದ ಉತ್ತರ ಬರ್ಲಿಲ್ಲ, ಮಾರನೇ ದಿನ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಬಂತು.

ಹಂಗಂತ ನಾವು ಟರ್ಕಿಯಿಂದ ತಂದ್ವಿ ಅಂತ ಗೆರೆ ಎಳೆಯೋರ ಮಾತೂ ನಂಗೆ ಒಪ್ಪಿಗೆ ಇಲ್ಲ. ಅವ್ರು ತೋರಿಸೋದು ತಕ್ಷಶಿಲೆ ಹತ್ರದ ಸಿರ್ಕಪ್. ಈಗ ಪಾಕಿಸ್ತಾನದಲ್ಲಿದೆ. ಅಲ್ಲಿ ಸುಮಾರು ಕ್ರಿಸ್ತಶಕ 1ನೇ ಶತಮಾನದ ಒಂದು ಸ್ತೂಪದ ಗೋಡೆಲಿ ಗ್ರೀಕ್ ಮಾದರಿಯ ಮುಖಮಂಟಪ, ನಮ್ಮ ಚೈತ್ಯದ ಕಮಾನು, ತೋರಣ ಮೂರನ್ನೂ ಪಕ್ಕಪಕ್ಕ ಕೆತ್ತಿ ಚೈತ್ಯದ ಕಮಾನಿನ ನೆತ್ತಿ ಮೇಲೆ ಎರಡು ತಲೆ ಹದ್ದು ಕೂರಿಸಿದ್ದಾರೆ. ದಾರಿ ಮಧ್ಯದ ಸ್ಟಾಪು ಸಿಕ್ತು ನೋಡಿ ಅಂತಾರೆ. ಆದ್ರೆ ಆ ಸ್ಟಾಪಿಂದ ನಮ್ಮ ಬಳ್ಳಿಗಾವೆಗೆ ಸಾವಿರ ವರ್ಷದ ದಾರಿ ಇದೆ, ಅಷ್ಟು ಉದ್ದ ಬಸ್ಸು ನಿಲ್ಲದೇ ಬಂತಾ?

ಬಳ್ಳಿಗಾವೆ ಅಂದ್ನಲ್ಲ, ಅಲ್ಲಿಗೆ ಬರ್ತೀನಿ, ಯಾಕಂದ್ರೆ ನನಗೆ ನಾಚಿಕೆ ಆಗೋದು ಅಲ್ಲೇ. ನಮ್ಮೂರು ಶಿಕಾರಿಪುರ. ಬಳ್ಳಿಗಾವೆ ನಮ್ಮ ತಾಲ್ಲೂಕೇ. ಅಲ್ಲಮಪ್ರಭುವಿನ ಊರು, ಕೇದಾರೇಶ್ವರ ಗುಡಿ ಇರೋ ಊರು, ಸ್ಕೂಲಿಂದ ಪಿಕ್ನಿಕ್ ಅಂದ್ರೆ ಅಲ್ಲಿಗೇ ಕರ್ಕೊಂಡು ಹೋಗ್ತಿದ್ರು. ಅಲ್ಲಿ ಮೂವತ್ತು ಅಡಿ ಎತ್ತರದ ಒಂದು ಕಂಬ ಇದೆ, ಭೇರುಂಡೇಶ್ವರ ಕಂಬ. 1047ರಲ್ಲಿ ಬನವಾಸಿ ನಾಡನ್ನ ಆಳ್ತಿದ್ದ ಚಾಮುಂಡರಾಯರಸ ನಿಲ್ಸಿದ್ದು. ಅದರದ್ದು ಗಂಡಭೇರುಂಡ, ಆದ್ರೆ ಈಗ ನಾವು ನೋಡೋ ಗಂಡಭೇರುಂಡ ಅಲ್ಲ, ಮೈ ಮನುಷ್ಯಂದು, ಮೇಲೆ ಹಕ್ಕಿಯ ಎರಡು ತಲೆ. ನಾವು ಆ ಕಂಬದ ಕಟ್ಟೆ ಮೇಲೆ ಕೂತು ಚಿತ್ರಾನ್ನ ತಿಂದಿದ್ದೀವಿ, ಮೇಷ್ಟ್ರು ಕೈ ತೊಳ್ಕೊಳ್ಳಿ ಅಂತ ಕೂಗಿದ್ದು ನೆನಪಿದೆ, ತಲೆ ಎತ್ತಿ ನೋಡಿದ್ದು ನೆನಪಿಲ್ಲ.

ಆಮೇಲೆ ತಿಳ್ಕೊಂಡಾಗ ಗೊತ್ತಾಗಿದ್ದು, ನಮ್ಮ ಕಡೆ ಶಾಸನಗಳಲ್ಲಿ ಭೇರುಂಡ ಗಳೆ ಅಂತ ಒಂದು ಅಳತೆ ಬರುತ್ತೆ. ಗಳೆ ಅಂದ್ರೆ ಕೋಲು. ಜಮೀನು ದಾನ ಕೊಡುವಾಗ ಭೇರುಂಡ ಗಳೆಯಲ್ಲಿ ಇಷ್ಟು ಮತ್ತರು ಅಂತ ಅಳೆದು ಕೊಡ್ತಿದ್ರು. ಇದು ನಂಗೆ ಸಖತ್ ಇಷ್ಟ ಆಯ್ತು. ಲಾಂಛನ ಅಂದ್ರೆ ಬಾವುಟ, ಯುದ್ಧ, ಸಿಂಹಾಸನ ಅಂತೆಲ್ಲಾ ಅನ್ಕೋತೀವಿ, ಇಲ್ಲಿ ನೋಡಿದ್ರೆ ಗದ್ದೆ ಅಳೆಯೋ ಕೋಲಿಗೆ ಆ ಹೆಸರು. ಈಗ ಜಾತಿ ಆದಾಯ ಸರ್ಟಿಫಿಕೇಟ್‌ಗೆ ನಾಡಕಚೇರಿ ಮುಂದೆ ನಿಂತಾಗ ಅದರ ತಲೆ ಮೇಲೆ ಇರೋದೂ ಅದೇ ಹಕ್ಕಿ. ಸಾವಿರ ವರ್ಷದಿಂದ ಅದಕ್ಕೆ ಕಂದಾಯ ಇಲಾಖೆಲೇ ಕೆಲಸ.

ಬೇಲೂರಿನದ್ದು ಬೇರೆಯದೇ ಲೆಕ್ಕ. ಚೆನ್ನಕೇಶವ ಗುಡಿಲಿ ಒಂದು ಕೆತ್ತನೆ ಇದೆ, ಗೈಡ್‌ಗಳು ತಪ್ಪದೇ ತೋರಿಸ್ತಾರೆ. ಜಿಂಕೆನ ಹೆಬ್ಬಾವು ನುಂಗ್ತಿದೆ, ಅದನ್ನ ಆನೆ ಎತ್ತಿದೆ, ಆನೆ ಮೇಲೆ ಸಿಂಹ ಬಿದ್ದಿದೆ, ಸಿಂಹನ ಶರಭ ಅನ್ನೋ ಪುರಾಣದ ಮೃಗ ಹಿಡಿದಿದೆ, ಶರಭನ ಗಂಡಭೇರುಂಡ ಹಿಡಿದಿದೆ. ಪಕ್ಕದಲ್ಲಿ ಒಬ್ಬ ಋಷಿ ಕಣ್ಣು ಬಿಟ್ಕೊಂಡು ನೋಡ್ತಿದ್ದಾನೆ. ಶೈವರ ಕತೆಲಿ ಉಗ್ರನಾದ ನರಸಿಂಹನ್ನ ಅಡಗಿಸೋಕೆ ಶಿವ ಶರಭ ಆಗಿ ಬರ್ತಾನೆ, ವೈಷ್ಣವರು ಬಿಡ್ತಾರಾ, ಆ ಶರಭನ್ನ ಅಡಗಿಸೋಕೆ ವಿಷ್ಣು ಗಂಡಭೇರುಂಡ ಆದ ಅಂತಾರೆ. ಬೇಲೂರು ವಿಷ್ಣುವಿನ ಗುಡಿ, ಆ ಸಾಲಿನ ಕೊನೇಲಿ ಗಂಡಭೇರುಂಡ ಇರೋದು ಬರೀ ಅಲಂಕಾರಕ್ಕೆ ಅಂತ ನಂಗಂತೂ ಅನ್ಸಲ್ಲ. ತಮಾಷೆ ಅಂದ್ರೆ ನಮ್ಮ ಸರ್ಕಾರಿ ಲಾಂಛನದಲ್ಲಿ ಗಂಡಭೇರುಂಡದ ಆಚೆ ಈಚೆ ನಿಂತಿರೋ ಆನೆ ಸೊಂಡಿಲಿನ ಸಿಂಹ, ಗಜಕೇಸರಿ, ಅದನ್ನ ಎಷ್ಟೋ ಜನ ಶರಭ ಅಂತಲೇ ಕರೀತಾರೆ. ಬೇಲೂರಲ್ಲಿ ಹಿಡಿದು ತಿಂತಿದ್ದೋರು ಇಲ್ಲಿ ಸೆಕ್ಯುರಿಟಿ ಗಾರ್ಡು ಇಟ್ಕೊಂಡಂಗಾಯ್ತು.

ಆಮೇಲಿನ ಕತೆ ಹೆಚ್ಚಿನವ್ರಿಗೆ ಗೊತ್ತಿರೋದೇ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದ ಮೇಲೆ ಗಂಡಭೇರುಂಡ ಕೊಕ್ಕಲ್ಲೂ ಕಾಲಲ್ಲೂ ಆನೆಗಳನ್ನ ಹಿಡ್ಕೊಂಡು ನಿಂತಿದೆ (ಟರ್ಕಿಯದ್ದು ಮೊಲ ಹಿಡ್ದಿತ್ತು, ನಮ್ದು ಆನೆ, ದೊಡ್ಡಪ್ಪಂಗೆ ಇದನ್ನ ಹೇಳಿ ಸಮಾಧಾನ ಮಾಡ್ಬಹುದಿತ್ತು). ಅಲ್ಲಿಂದ ಮೈಸೂರು ಒಡೆಯರಿಗೆ ಬಂತು, ಅರಮನೆ ಮುಂಭಾಗದ ಕಮಾನಲ್ಲಿ ಲಾಂಛನದ ಸುತ್ತ 'ನ ಬಿಭೇತಿ ಕದಾಚನ' ಅಂತಿದೆ, ಯಾವತ್ತೂ ಹೆದರಲ್ಲ ಅಂತ. ಸ್ವಾತಂತ್ರ್ಯ ಬಂದ್ಮೇಲೆ ರಾಜ್ಯ ಸರ್ಕಾರ ಹಕ್ಕಿ ಇಟ್ಕೊಂಡು ಆ ಸಾಲು ಬಿಟ್ಟು ಸತ್ಯಮೇವ ಜಯತೇ ಹಾಕ್ಕೊಳ್ತು, ಹಕ್ಕಿ ನೆತ್ತಿ ಮೇಲೆ ಅಶೋಕನ ಸಿಂಹಗಳು ಬಂದು ಕೂತ್ವು. ಕೆಂಪು ಬಸ್ಸಿಗೂ ಅಂಟ್ಕೊಳ್ತು. 2018ರ ಮಾರ್ಚಲ್ಲಿ ಸಿದ್ದರಾಮಯ್ಯನವರ ಸರ್ಕಾರ ಹಳದಿ ಬಿಳಿ ಕೆಂಪು ನಾಡಧ್ವಜ ತೋರಿಸ್ತಲ್ಲ, ಅದರ ಬಿಳಿ ಪಟ್ಟಿ ಮಧ್ಯದಲ್ಲೂ ಇದೇ. ಆಗ ಮ. ರಾಮಮೂರ್ತಿಯವರ ಅರಿಶಿನ ಕುಂಕುಮದ ಬಾವುಟನೇ ಸಾಕು, ಮಧ್ಯದಲ್ಲಿ ಬಿಳಿ ಯಾಕೆ ಅಂತ ಎಷ್ಟು ಗಲಾಟೆ! ಹಕ್ಕಿ ಬಗ್ಗೆ ಮಾತ್ರ ಯಾರೂ ಜಗಳ ಆಡ್ಲಿಲ್ಲ, ಅದು ಇರೋದೇ ಸರಿ ಅನ್ನೋ ತರ. ಅದೇ ವರ್ಷ ಮೂರು ತಿಂಗಳು ಬಿಟ್ಟು ಕಲಿನಿನ್‌ಗ್ರಾಡ್‌ನಲ್ಲಿ ಅದೇ ಹಕ್ಕಿಗೆ ದಂಡ ಬಿತ್ತು.

ಎರಡು ತಲೆ ಯಾಕೆ ಅಂತ ಎಲ್ಲಾ ಕಡೆ ಕೇಳಿದೆ, ಎಲ್ಲರ ಹತ್ರನೂ ಉತ್ತರ ಇದೆ. ಕಟಿಂಗ್ ಅಂಗಡಿಯವ್ನು ಒಂದು ಉತ್ತರದ ಅಲ್ಬೇನಿಯಾ ಇನ್ನೊಂದು ದಕ್ಷಿಣದ್ದು ಅಂದ. ಆಫೀಸಲ್ಲಿರೋ ರಷ್ಯಾದ ಹುಡುಗಿ ಒಂದು ಯುರೋಪಿಗೆ ಒಂದು ಏಷ್ಯಾಕ್ಕೆ ಅಂದ್ಳು. ದೊಡ್ಡಪ್ಪ ಡಬಲ್ ಪವರ್ ಅಂದ್ರು. ಪಂಚತಂತ್ರದಲ್ಲಿ ಇನ್ನೊಂದು ಇದೆ, ಒಂದೇ ಹೊಟ್ಟೆ ಎರಡು ತಲೆಯ ಭಾರುಂಡ ಪಕ್ಷಿ, ಒಂದು ತಲೆ ಒಳ್ಳೇ ಹಣ್ಣು ತಾನೊಂದೇ ತಿಂತು ಅಂತ ಇನ್ನೊಂದು ತಲೆ ಸಿಟ್ಟಿಗೆ ವಿಷದ ಹಣ್ಣು ತಿಂದು ಇಬ್ರೂ ಸತ್ರು. ಇದನ್ನ ಯಾವ ರಾಜನೂ ಬಾವುಟದ ಮೇಲೆ ಹಾಕ್ಕೊಂಡಿಲ್ಲ, ಪಾಪ.

ನಂಗೆ ಒಪ್ಪಿಗೆ ಆಗಿದ್ದು ಅಮ್ಮ ವಿಡಿಯೋ ಕಾಲಲ್ಲಿ ಹೇಳಿದ್ದು. ಅಮ್ಮ ಚುಕ್ಕಿ ಇಟ್ಟು ರಂಗೋಲಿ ಬಿಡೋರು. ನನ್ನ ಪುರಾಣ ಎಲ್ಲಾ ಕೇಳಿ, ಅಯ್ಯೋ ಅದಕ್ಕೇನೇ ಅಷ್ಟೊಂದು, ಒಂದು ಕಡೆ ಗಿಳಿ ಬಿಟ್ರೆ ಇನ್ನೊಂದು ಕಡೆನೂ ಬಿಡ್ಬೇಕಲ್ಲ, ಇಲ್ದಿದ್ರೆ ವಾರೆಯಾಗಿ ಕಾಣುತ್ತೆ, ಮೈ ಒಂದೇ ಮಾಡಿ ತಲೆ ಎರಡು ಮಾಡಿದ್ರೆ ಜಾಗ ಉಳಿಯುತ್ತೆ ಅಂದ್ರು. ಅಷ್ಟೇ. ರೇಷ್ಮೆ ಸೀರೆ ಅಂಚಲ್ಲಿ ಎದುರುಬದುರು ಹಂಸ ನವಿಲು ನೇಯೋರನ್ನ ಕೇಳಿ, ಮುದ್ರೆ ಕೆತ್ತೋರನ್ನ ಕೇಳಿ, ಹಕ್ಕಿ ಮೈ ಎದುರಿಂದ ಬರೆದ್ರೆ ರೆಕ್ಕೆ ಎರಡು, ಕಾಲು ಎರಡು, ಬಾಲ ಮಧ್ಯಕ್ಕೆ, ತಲೆ ಒಂದು ಮಾತ್ರ ಯಾವ ಕಡೆ ತಿರುಗಿಸೋದು? ಎರಡೂ ಕಡೆ ತಿರುಗಿಸಿಬಿಟ್ರೆ ಗಲಾಟೆನೇ ಇಲ್ಲ. ಹಿಟ್ಟೈಟ್ ಶಿಲ್ಪಿಗೂ ಇದೇ ಕಷ್ಟ ಬಂದಿರುತ್ತೆ, ಬಳ್ಳಿಗಾವೆಯವ್ನಿಗೂ ಇದೇ ಬಂದಿರುತ್ತೆ, ಒಬ್ಬರನ್ನೊಬ್ಬರು ನೋಡ್ಲೇಬೇಕು ಅಂತೇನಿಲ್ಲ. ಹಕ್ಕಿ ಮೊದಲು ಬಂತು, ಪೂರ್ವ ಪಶ್ಚಿಮ, ನರಸಿಂಹ ಶರಭ ಎಲ್ಲಾ ಆಮೇಲೆ ಬಂದು ಸೇರ್ಕೊಂಡಿದ್ದು ಅಂತ ನನ್ನ ವಾದ. ದೊಡ್ಡಪ್ಪ ಒಪ್ಪಲ್ಲ.

ಮೊನ್ನೆ ಮತ್ತೆ ಕಟಿಂಗ್‌ಗೆ ಹೋದಾಗ ಬೇಲೂರಿನ ಫೋಟೋ, ಅಚ್ಯುತರಾಯನ ನಾಣ್ಯ ಎಲ್ಲಾ ತೋರಿಸ್ದೆ. ಆನೆ ಎತ್ತಿರೋದು ನೋಡಿ ಸ್ವಲ್ಪ ಹೊತ್ತು ಸುಮ್ನಾದ. ಆಮೇಲೆ, ಆ ಟೀಶರ್ಟು ಎಕ್ಸೆಲ್ ಸೈಜಲ್ಲಿ ಸಿಗುತ್ತಾ, ನಾನು ದುಡ್ಡು ಕೊಡ್ತೀನಿ ಅಂದ. ತಮ್ಮಂಗೆ ಮೆಸೇಜ್ ಹಾಕ್ದೆ. ಅಕ್ಕ, ಈಗ ಹಳದಿ ಸ್ಟಾಕ್ ಬಂದಿದೆ, ಹಳದಿ ಕಳ್ಸ್ಲಾ ಅಂತ ಕೇಳ್ದ. ಬೇಡ ಕಣೋ, ಕೆಂಪೇ ಕಳ್ಸು ಅಂದೆ.